ಸ್ಕೂಲು ಬಿಟ್ಟ ಮೇಲೆ, ಶಿಫ್ಟ್ ಮುಗಿಯುವ ಮುಂಚೆ

ನಮ್ಮ ಮಾಚೇನಹಳ್ಳಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಊರು. ಬಿ.ಎಚ್. ರಸ್ತೆಯ ಅಕ್ಕಪಕ್ಕ ಹಾಲಿನ ಡೇರಿ, ಫೌಂಡ್ರಿಗಳು, ಗಾರ್ಮೆಂಟ್ಸ್, ಕೆಎಸ್‌ಆರ್‌ಪಿ ಎಂಟನೇ ಪಡೆ. ಬಗಲಲ್ಲೇ ಪೊಲೀಸ್ ಪಡೆ ಇರುವಾಗ ನಮ್ಮ ಮಕ್ಕಳಿಗೇನು ಭಯ ಎಂದುಕೊಂಡವರಿದ್ದಾರೆ. ಹಾಗಲ್ಲ. ಹುಡುಗರ ಕೈಗೆ ಮೊದಲ ಸಲ ಗಾಂಜಾ ಬರುವುದು ಹೆಚ್ಚಾಗಿ ಸ್ನೇಹಿತನ ಜೇಬಿನಿಂದ. ಅದಕ್ಕೆ ಬೇಕಾದದ್ದು ದೊಡ್ಡವರ ಕಣ್ಣಿಲ್ಲದ ಒಂದೆರಡು ಗಂಟೆ ಮಾತ್ರ. ಅಪ್ಪ ಸೆಕೆಂಡ್ ಶಿಫ್ಟಿಗೆ ಹೋಗಿ, ಅಮ್ಮ ಗಾರ್ಮೆಂಟ್ಸ್‌ನಿಂದ ಇನ್ನೂ ಬಂದಿರದ ಮನೆಗಳಲ್ಲಿ ಅಂಥ ಗಂಟೆಗಳಿಗೆ ಬರವಿಲ್ಲ. ಅಂಥ ಮನೆಯ ಅಪ್ಪ ಅಮ್ಮಂದಿರಿಗೂ, ಅವರ ಮಕ್ಕಳಿಗೂ ಈ ಕೆಲವು ಮಾತು.

• ಆ ಸಂಜೆಯ ಹೊತ್ತಿಗೆ ಮೊದಲು ಒಂದು ವ್ಯವಸ್ಥೆ ಮಾಡಿ. ಕೆಲಸ ಬಿಡಿ ಎಂದು ಹೇಳುತ್ತಿಲ್ಲ. ಬಿಟ್ಟರೆ ಒಲೆ ಉರಿಯುವುದಿಲ್ಲ, ಅದು ನನಗೂ ಗೊತ್ತು. ಓಣಿಯ ನಾಲ್ಕೈದು ಮನೆಯವರು ಒಂದು ಕಡೆ ಕೂತು, ಈ ವಾರ ಯಾರಿಗೆ ಯಾವ ಶಿಫ್ಟ್, ಸಂಜೆ ಯಾರು ಮನೆಯಲ್ಲಿರುತ್ತಾರೆ ಎಂದು ಹೇಳಿಕೊಳ್ಳಿ. ಇದ್ದವರು ಎಲ್ಲ ಮಕ್ಕಳ ಮೇಲೂ ಒಂದು ಕಣ್ಣಿಡಲಿ. ಭದ್ರಾವತಿಯ ಕಾರ್ಖಾನೆಗಳು ತುಂಬಿದ್ದ ಕಾಲದಲ್ಲಿ ಕ್ವಾರ್ಟರ್ಸ್ ಮಕ್ಕಳನ್ನು ಪಕ್ಕದ ಮನೆಯ ಅಜ್ಜಿಯೂ ಗದರಿಸುತ್ತಿದ್ದಳು, ಎದುರು ಮನೆಯ ಮಾಮನೂ ಗದರಿಸುತ್ತಿದ್ದ, ಯಾವ ತಾಯಿಯೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕಾಗದದ ಎಂಪಿಎಂ ನಿಂತು, ಉಕ್ಕಿನ ವಿಐಎಸ್‌ಎಲ್ ಸೊರಗಿ, ಆ ಜನ ಚದುರಿ ಹೋದರು. ಈಗ ಹೊಸ ಬಡಾವಣೆಗಳಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಕೇಳಿ ತಿಳಿದುಕೊಳ್ಳಿ. "ನನ್ನ ಮಗ ದಾರಿ ತಪ್ಪಿದ್ದು ಕಂಡರೆ ನೀವೇ ಹೇಳಿ, ನಾನು ಜಗಳಕ್ಕೆ ಬರಲ್ಲ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಈ ಕಾಲದಲ್ಲಿ ಯಾರೂ ಬಂದು ಹೇಳುವುದಿಲ್ಲ.

• ಸಂಜೆಗೆ ಆಟ ಬೇಕು. ಒಂದು ವಾಲಿಬಾಲ್ ನೆಟ್, ಎರಡು ಕಂಬ, ಒಂದು ಲೈಟು. ಇಷ್ಟನ್ನು ಪಂಚಾಯ್ತಿ ಸದಸ್ಯರನ್ನೋ ಫ್ಯಾಕ್ಟರಿಯವರನ್ನೋ ಕೇಳಿ ಪಡೆಯುವುದು ಆಗದ ಕೆಲಸವಲ್ಲ.

• ಗಾಂಜಾದ ಮಾತನ್ನು ಎಂಟನೇ ಕ್ಲಾಸಿಗೇ ಎತ್ತಿ. ಪಿಯುಸಿಗೆ ಬರುವ ಹೊತ್ತಿಗೆ ಅವರಿಗೆ ಸ್ನೇಹಿತರಿಂದ ಎಲ್ಲ ಗೊತ್ತಾಗಿರುತ್ತದೆ, ಅರ್ಧಂಬರ್ಧ ಗೊತ್ತಾಗಿರುತ್ತದೆ. ಭಾಷಣ ಬೇಡ. ಪೇಪರಿನಲ್ಲಿ ಸುದ್ದಿ ಬಂದಾಗ ಓದಿ ಹೇಳಿ. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲೇ ಬಾಡಿಗೆ ಮನೆಯೊಳಗೆ ಲೈಟು ಫ್ಯಾನು ಕಟ್ಟಿ ಗಾಂಜಾ ಬೆಳೆದ ಆರೋಪದ ಮೇಲೆ ಪೊಲೀಸರು ಹಿಡಿದದ್ದು ವೈದ್ಯಕೀಯ ವಿದ್ಯಾರ್ಥಿಗಳನ್ನು. ಓದಿನಲ್ಲಿ ಮುಂದಿದ್ದ ಹುಡುಗರು. "ನನ್ನ ಮಗ ಜಾಣ, ಅವನಿಗೆ ಇದೆಲ್ಲ ಅಂಟಲ್ಲ" ಎನ್ನುವ ಅಪ್ಪಂದಿರು ಆ ಸುದ್ದಿಯನ್ನು ಎರಡು ಸಲ ಓದಬೇಕು.

• "ಸೊಪ್ಪು ತಾನೇ, ಗಿಡದಲ್ಲಿ ಬೆಳೆಯೋದು, ಸಾಧು ಸಂತರೂ ಸೇದುತ್ತಾರೆ" ಎಂದು ಮಗ ವಾದ ಮಾಡಿದರೆ ಸಿಟ್ಟಾಗಬೇಡಿ. ತಂಬಾಕೂ ಗಿಡವೇ, ಉಮ್ಮತ್ತಿಯೂ ಗಿಡವೇ ಎಂದು ಹೇಳಿ. ಮನುಷ್ಯನ ಮಿದುಳು ಬಲಿಯುವುದು ಇಪ್ಪತ್ತು ದಾಟಿದ ಮೇಲೂ ನಡೆದೇ ಇರುತ್ತದೆ. ಹದಿನೈದು ಹದಿನಾರಕ್ಕೆ ಶುರು ಮಾಡಿ ದಿನವೂ ಸೇದುವ ಹುಡುಗನಿಗೆ ನೆನಪು, ಗಮನ, ಓದಿನ ಆಸಕ್ತಿ ಕುಗ್ಗುತ್ತವೆ. ಕೆಲವರಲ್ಲಿ ಯಾರೋ ಹಿಂಬಾಲಿಸುತ್ತಿದ್ದಾರೆ, ಯಾರೋ ನನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುವ ಭ್ರಮೆ ಹತ್ತಿಕೊಳ್ಳುತ್ತದೆ. ವಂಶದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಅಂಥ ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡದೆ ಮಗನಿಗೆ ಅದನ್ನು ಹೇಳಲೇಬೇಕು.

• ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವ ವಿಷಯ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವುದಾಗಿ ಕಂಡುಬಂದ ನಶೆ ಒಂದೇ: ಮೂಸುವ ಪದಾರ್ಥ. ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಪಂಕ್ಚರ್ ಸಲ್ಯೂಷನ್, ಥಿನ್ನರ್, ವೈಟ್ನರ್. ವರ್ಕ್‌ಶಾಪು, ಪೇಂಟು, ಪಂಕ್ಚರ್ ಅಂಗಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕೆ ದುಡ್ಡೂ ಬೇಡ, ದಲ್ಲಾಳಿಯೂ ಬೇಡ. ಕರ್ಚೀಫಿಗೆ ಕೆಮಿಕಲ್ ವಾಸನೆ, ಅಂಗಿಯ ತೋಳಿನ ತುದಿಯಲ್ಲಿ ಒಣಗಿದ ಅಂಟು, ಬಾಯಿ ಮೂಗಿನ ಸುತ್ತ ಕೆಂಪು ಗುಳ್ಳೆ, ಕುಡಿದವರ ಹಾಗೆ ತೊದಲು ಮಾತು. ಇವು ಕಂಡರೆ ಹುಷಾರಾಗಿ. ಇನ್ನೊಂದು ಮಾತನ್ನು ಚೆನ್ನಾಗಿ ನೆನಪಿಡಿ: ಮೂಸುತ್ತಿರುವ ಹುಡುಗ ಕಣ್ಣಿಗೆ ಬಿದ್ದರೆ ಕಿರುಚಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಆವಿ ಒಳಗಿದ್ದಾಗ ಏಕಾಏಕಿ ಹೆದರಿದರೆ, ಓಡಿದರೆ ಹೃದಯದ ಬಡಿತ ತಪ್ಪಿ ನಿಂತಲ್ಲೇ ಪ್ರಾಣ ಹೋಗಬಹುದು. ಮೊದಲನೇ ಸಲ ಮೂಸಿದವನಿಗೂ ಹೀಗಾಗಬಹುದು. ಮೆಲ್ಲಗೆ ಹತ್ತಿರ ಹೋಗಿ, ಸಮಾಧಾನದಲ್ಲಿ ಮಾತಾಡಿಸಿ, ಗಾಳಿಯಾಡುವ ಕಡೆ ಕೂರಿಸಿ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

• ಪಂಕ್ಚರ್ ಅಂಗಡಿಯ, ಹಾರ್ಡ್‌ವೇರ್ ಅಂಗಡಿಯ ಅಣ್ಣಂದಿರೇ, ಸೈಕಲ್ಲೇ ಇಲ್ಲದ ಹುಡುಗ ವಾರಕ್ಕೆರಡು ಟ್ಯೂಬ್ ಸಲ್ಯೂಷನ್ ಕೇಳಿದರೆ ಕೊಡಬೇಡಿ. ಅವನ ಮನೆಗೆ ಒಂದು ಮಾತು ಮುಟ್ಟಿಸಿ.

• ಅಜ್ಜಿಯ ನಿದ್ದೆ ಮಾತ್ರೆ, ಆಪರೇಷನ್ ಆದವರ ನೋವಿನ ಮಾತ್ರೆ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿವೆ ಎಂದು ಲೆಕ್ಕ ಇರಲಿ.

• ಅಪ್ಪಂದಿರೇ, ಸಿಗರೇಟು, ಗುಟ್ಕಾ, ಕ್ವಾರ್ಟರ್ ತರಲು ಮಗನನ್ನು ಅಂಗಡಿಗೆ ಕಳಿಸಬೇಡಿ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ. ಆದರೂ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಜೋಡಿಯಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ತಂಬಾಕು, ಹೆಂಡ, ಗಾಂಜಾ ಯಾವುದನ್ನು ಕೊಟ್ಟರೂ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಶಾಲೆಯ ಹತ್ತಿರದ ಗೂಡಂಗಡಿಯವನಿಗೆ ಇದನ್ನು ಒಂದು ಸಲ ತಿಳಿಸಿ ಹೇಳಿ, ಬದುಕು ಅವನಿಗೂ ಬೇಕು. ಕೇಳದಿದ್ದರೆ 112ಕ್ಕೆ ಹೇಳಲು ಹಿಂಜರಿಯಬೇಡಿ. ನಮ್ಮ ಕಡೆ ಎಲೆ ಅಡಿಕೆ ಮನೆಮನೆಯ ಸಂಪ್ರದಾಯ. ಅದಕ್ಕೆ ತಂಬಾಕು ಸೇರಿಸುವುದನ್ನು ಮಕ್ಕಳ ಮುಂದಾದರೂ ಬಿಡಿ.

• ಲಕ್ಷಣ ಏನು ಎಂದು ತಾಯಂದಿರು ಕೇಳುತ್ತಾರೆ. ಕಣ್ಣು ಕೆಂಪಾಗುವುದು, ಹೊತ್ತಲ್ಲದ ಹೊತ್ತಲ್ಲಿ ವಿಪರೀತ ಹಸಿವು, ಹೊಸದಾಗಿ ಊದುಬತ್ತಿ ಸೆಂಟಿನ ಮೇಲೆ ಪ್ರೀತಿ, ಮನೆಯಲ್ಲಿ ಸಣ್ಣ ಸಣ್ಣ ದುಡ್ಡು ಕಾಣೆಯಾಗುವುದು, ಹಳೇ ಗೆಳೆಯರು ಮನೆಗೆ ಬರುವುದು ನಿಲ್ಲುವುದು. ಇವುಗಳಲ್ಲಿ ಕೊನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಐದನೇ ಕ್ಲಾಸಿನಿಂದ ಜೊತೆಗಿದ್ದವರು ಒಬ್ಬೊಬ್ಬರಾಗಿ ದೂರವಾದರೆ ಕಾರಣ ಅವರನ್ನೇ ಕೇಳಿ. ಉಳಿದಂತೆ ಸಿಟ್ಟು, ಮೌನ, ಬಾಗಿಲು ಹಾಕಿಕೊಳ್ಳುವುದು ಹದಿನಾರರ ವಯಸ್ಸಿನ ಗುಣವೂ ಹೌದು. ಅಷ್ಟಕ್ಕೇ ಮಗನನ್ನು ಕಳ್ಳನ ಹಾಗೆ ನೋಡಬೇಡಿ.

• ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕಿತು ಎನ್ನಿ. ಆ ರಾತ್ರಿಯೇ ಬೆಲ್ಟ್ ಬಿಚ್ಚಬೇಡಿ. ನಶೆಯಲ್ಲಿದ್ದರೆ ಮಲಗಲಿ, ಬೆಳಿಗ್ಗೆ ಮಾತಾಡಿ. ಅಪ್ಪ ಅಮ್ಮ ಇಬ್ಬರೂ ಕೂತು, ತಂಗಿ ತಮ್ಮಂದಿರನ್ನು ಹೊರಗೆ ಕಳಿಸಿ. "ಇದು ಸಿಕ್ತು ಕಣೋ. ನಂಗೆ ಭಯ ಆಗಿದೆ. ಎಷ್ಟು ದಿನದಿಂದ? ಯಾರು ಕೊಟ್ರು ಅನ್ನೋದು ಆಮೇಲೆ. ನೀನು ಹೆಂಗಿದ್ದೀಯ ಹೇಳು ಮೊದ್ಲು." ಇಷ್ಟು ಹೇಳಿ ಸುಮ್ಮನಿರಿ. ಅವನು ಬಾಯಿ ಬಿಡಲು ಹೊತ್ತು ಹಿಡಿಯುತ್ತದೆ. ಹೊಡೆದು ಬಾಯಿ ಬಿಡಿಸಿದರೆ ಹೆಸರುಗಳು ಸಿಗಬಹುದು, ಮುಂದಿನ ಸಲ ಕಷ್ಟಕ್ಕೆ ಸಿಕ್ಕಾಗ ಅವನು ನಿಮ್ಮ ಹತ್ತಿರ ಬರುವುದಿಲ್ಲ.

• ಬೇಡ ಎನ್ನುವುದು ಹುಡುಗರಿಗೆ ಸುಲಭವಲ್ಲ, ಗಣಪತಿ ಮೆರವಣಿಗೆಯ ರಾತ್ರಿಯಂತೂ ಇನ್ನೂ ಕಷ್ಟ. ಅದಕ್ಕೆ ಒಂದು ಗುಟ್ಟಿನ ಮಾತು ಮಾಡಿಕೊಳ್ಳಿ. ಮಗ "ಅಮ್ಮ, ಹಾಲು ತರ್ಲಾ?" ಎಂದು ಮೆಸೇಜ್ ಹಾಕಿದರೆ ಅವನು ಇಷ್ಟವಿಲ್ಲದ ಕಡೆ ಸಿಕ್ಕಿಕೊಂಡಿದ್ದಾನೆ ಎಂದು ಅರ್ಥ. ತಕ್ಷಣ ಫೋನ್ ಮಾಡಿ, ಪಕ್ಕದವರಿಗೂ ಕೇಳುವ ಹಾಗೆ ಬೈದು ಮನೆಗೆ ಕರೆಸಿ. ಗೆಳೆಯರ ಮುಂದೆ ಕೆಟ್ಟವರಾಗುವುದು ನೀವು, ಅವನ ಮರ್ಯಾದೆ ಉಳಿಯುತ್ತದೆ. ಮನೆಗೆ ಬಂದ ಮೇಲೆ ಆ ರಾತ್ರಿ ಏನೂ ಕೇಳಬಾರದು. ಈ ಒಪ್ಪಂದವನ್ನು ಒಂದು ಸಲ ಮುರಿದರೆ ಅವನು ಮತ್ತೆ ಆ ಮೆಸೇಜ್ ಹಾಕುವುದಿಲ್ಲ.

• ಮಗಾ, ಇದು ನಿನಗೆ. "ಈ ಕವರ್ ಭದ್ರಾವತಿ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತಾನೆ, ಅವನಿಗೆ ಕೊಟ್ಟು ಬಾ, ಪೆಟ್ರೋಲಿಗೆ ಇನ್ನೂರು ರೂಪಾಯಿ ಕೊಡ್ತೀನಿ" ಎಂದು ಯಾರಾದರೂ ಹೇಳಿದರೆ, ಎಷ್ಟೇ ಪರಿಚಯದವನಾಗಿದ್ದರೂ ಮುಟ್ಟಬೇಡ. ಹಿಡಿದಾಗ ಕವರ್ ಇರುವುದು ನಿನ್ನ ಕೈಯಲ್ಲಿ. ಸಣ್ಣವರನ್ನು ಕಳಿಸುವುದೇ ದೊಡ್ಡವರು ಸಿಕ್ಕಿಬೀಳದಿರಲು. ಹೀಗೆ ಮಕ್ಕಳನ್ನು ಬಳಸಿಕೊಳ್ಳುವುದಕ್ಕೂ ಅದೇ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಹೆದರಿಸಿದರೆ 1098ಕ್ಕೆ ಫೋನ್ ಮಾಡು, ಅದು ಮಕ್ಕಳ ಸಹಾಯವಾಣಿ.

• ಫ್ಯಾಕ್ಟರಿಗೆ ಸೇರಿದ ಹತ್ತೊಂಬತ್ತು ಇಪ್ಪತ್ತರ ಹುಡುಗರೇ, ಸಂಬಳ ಬಂದ ದಿನ ನಿಮ್ಮ ಬೈಕು, ಮೊಬೈಲು ನೋಡಿ ನಿಮ್ಮ ಹಾಗೆ ಆಗಬೇಕೆಂದು ಹಿಂದೆ ಬರುವವರು ಒಂಬತ್ತು ಹತ್ತನೇ ಕ್ಲಾಸಿನ ಹುಡುಗರು. ನೈಟ್ ಶಿಫ್ಟಿಗೆ ನಿದ್ದೆ ಬರಬಾರದು, ಮೈ ನೋವು ಕಾಣಬಾರದು ಎಂದು ನೀವು ಹಿಡಿದ ಚಟ ಅವರಿಗೆ ಶೋಕಿಯಾಗಿ ಕಾಣುತ್ತದೆ. ಅವರನ್ನು ಜೊತೆಗೆ ಕೂರಿಸಿಕೊಳ್ಳಬೇಡಿ.

• ಪೊಲೀಸ್ ಕೇಸಾಗುತ್ತದೆ ಎಂದು ಎಷ್ಟೋ ಮನೆಯವರು ಚಿಕಿತ್ಸೆಗೇ ಹೋಗುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದು ಅಪರಾಧವೇ. ಆರು ತಿಂಗಳವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಹದಿನೆಂಟರ ಒಳಗಿನವರ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಆದರೆ ಅದೇ ಕಾಯ್ದೆಯ 64ಎ ಕಲಮು ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಸ್ವಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ, ಅದನ್ನು ಪೂರ್ತಿ ಮುಗಿಸಿದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂದಕ್ಕೆ ಹೋಗಬಹುದು. ಮಾರಾಟ ಮಾಡಿದವನಿಗೆ ಈ ರಿಯಾಯಿತಿ ಇಲ್ಲ. ಇದನ್ನು ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿ.

• ಎಲ್ಲಿಗೆ ಹೋಗಬೇಕು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಹೊರರೋಗಿ ಚೀಟಿ ಮಾಡಿಸಿ ಮನೋರೋಗ ವಿಭಾಗ ಕೇಳಿ. ಭದ್ರಾವತಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಮೊದಲು ಫೋನಿನಲ್ಲಿ ಮಾತಾಡಿದರೆ ಧೈರ್ಯ ಬರುತ್ತದೆ ಎನ್ನುವವರಿಗೆ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. "ಮನೋರೋಗ ವಿಭಾಗ" ಎನ್ನುವ ಬೋರ್ಡ್ ನೋಡಿ ಹಿಂದೆ ಸರಿಯಬೇಡಿ. ಮಾನಸಿಕ ಕಾಯಿಲೆಯ ಬಗ್ಗೆ ಜನರಿಗೆ ತಿಳಿಹೇಳಲು ಡಾ. ಅಶೋಕ್ ಪೈ ಅವರಂಥ ವೈದ್ಯರು ಸಿನಿಮಾವನ್ನೇ ತೆಗೆದ ಊರು ನಮ್ಮ ಶಿವಮೊಗ್ಗ.

• ಎರಡು ಸಾವಿರದ ಪುಡಿ ತಿನ್ನಿಸಿ ಚಟ ಬಿಡಿಸುತ್ತೇನೆ ಎನ್ನುವವರನ್ನು, ರಾತ್ರಿ ಗಾಡಿ ತಂದು ಕೈ ಕಟ್ಟಿ ಎತ್ತಿಕೊಂಡು ಹೋಗುವ ಕೇಂದ್ರಗಳನ್ನು ನಂಬಬೇಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮಗನನ್ನು ನೋಡಲು ನಮಗೆ ಯಾವಾಗ ಬಿಡುತ್ತೀರಿ ಎಂದೂ ಕೇಳಿ. ನೋಡಲು ಬಿಡುವುದಿಲ್ಲ ಎಂದರೆ ಎದ್ದು ಬನ್ನಿ.

• ಸಿಗಂದೂರಿಗೋ ಧರ್ಮಸ್ಥಳಕ್ಕೋ ಕರೆದುಕೊಂಡು ಹೋಗಿ ಆಣೆ ಮಾಡಿಸುವವರಿದ್ದಾರೆ. ಮಾಡಿಸಿ, ತಪ್ಪೇನಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಸಂಕಲ್ಪಕ್ಕೆ ಬಲವಿದೆ. ಆದರೆ ದಿನವೂ ಸೇದುತ್ತಿದ್ದವನು ಬಿಟ್ಟ ಮೊದಲ ವಾರ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಣ್ಣದಕ್ಕೂ ರೇಗುತ್ತಾನೆ. ಆ ವಾರಕ್ಕೆ ಡಾಕ್ಟರ ಔಷಧಿಯೂ ಇರಲಿ, ಮನೆಯಲ್ಲಿ ಒಬ್ಬರು ರಜೆಯೂ ಹಾಕಲಿ. ಮಾತ್ರೆಯೋ ಹೆಂಡವೋ ಅಭ್ಯಾಸವಾಗಿದ್ದರೆ ಒಮ್ಮೆಲೇ ನಿಲ್ಲಿಸುವುದೇ ಅಪಾಯ, ಫಿಟ್ಸ್ ಬರಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

• ಬಿಟ್ಟವನು ಮತ್ತೆ ಒಂದು ಸಲ ಸೇದಿದ ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಮತ್ತೆ ಕರೆದುಕೊಂಡು ಹೋಗಿ. "ನಿಂಗೆ ಸುರಿದ ದುಡ್ಡು ದಂಡ" ಎನ್ನುವ ಮಾತು ಬಾಯಿಂದ ಬರದಿರಲಿ.

• ಹುಡುಗಿಯರನ್ನು ಮರೆಯಬೇಡಿ. ಅವರ ವಿಷಯದಲ್ಲಿ ಮನೆಯವರು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ, ಅದಕ್ಕೇ ಚಿಕಿತ್ಸೆ ಇನ್ನೂ ತಡವಾಗುತ್ತದೆ.

• ಚಿಕಿತ್ಸೆ ಮುಗಿಸಿ ಬಂದ ಹುಡುಗನಿಗೆ ಸೋಮವಾರ ಬೆಳಿಗ್ಗೆ ಹೋಗಲು ಒಂದು ಜಾಗ ಬೇಕು. ಇದಿಲ್ಲದಿದ್ದರೆ ಅವನು ಹಳೇ ಕಟ್ಟೆಗೇ ಹೋಗಿ ಕೂರುತ್ತಾನೆ. ವರ್ಷ ಹಾಳಾಯಿತು ಎಂದು ಕೈಚೆಲ್ಲಬೇಡಿ. 2024ರಿಂದ ಎಸ್‌ಎಸ್‌ಎಲ್‌ಸಿಗೂ ಎರಡನೇ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಮೊದಲನೆಯದರಲ್ಲಿ ಫೇಲಾದರೆ ಎರಡನೆಯದಕ್ಕೆ ಕಟ್ಟಿಸಬಹುದು. ಓದು ಹತ್ತದಿದ್ದರೆ ಐಟಿಐ ಇದೆ, ಫಿಟ್ಟರ್, ವೆಲ್ಡರ್ ಕಲಿತವರನ್ನು ಕೇಳುವ ಫ್ಯಾಕ್ಟರಿಗಳು ನಮ್ಮ ಊರಲ್ಲೇ ಇವೆ. ಸೂಪರ್‌ವೈಸರ್ ಆಗಿರುವವರು ಅಂಥ ಹುಡುಗ ಕೆಲಸ ಕೇಳಿ ಬಂದರೆ ಹಳೇದನ್ನು ಕೆದಕದೆ, ಡೇ ಶಿಫ್ಟಿಗೆ ಹಾಕಿಕೊಳ್ಳಿ. ಮುಂದಿನ ಪರೀಕ್ಷೆಗೆ ಹಣ ಕಟ್ಟುವ ಕೊನೇ ದಿನ ಯಾವಾಗ ಎಂದು ಶಾಲೆಯ ಆಫೀಸಿನಲ್ಲಿ ಈ ವಾರವೇ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.