ಕಪ್ಪು ಜೇನು: ಗುಣವೇನು, ಮಿತಿಯೇನು?

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ಕೆಮ್ಮಿಗೆ ಮೊದಲು ನೆನಪಾಗುವುದು ಜೇನುತುಪ್ಪ. ‘ಡಾಕ್ಟ್ರೇ, ಈ ಸಲದ ತುಪ್ಪ ಕಪ್ಪಗಿದೆ, ಸ್ವಲ್ಪ ಒಗರು ಬೇರೆ. ಬೆಲ್ಲದ ಪಾಕ ಬೆರೆಸಿರಬಹುದೇ?’ ಎಂದು ಕೇಳುವವರಿದ್ದಾರೆ. ಬಣ್ಣವೊಂದನ್ನೇ ನೋಡಿ ಹಾಗೆ ಹೇಳಲಾಗದು.

ಬಣ್ಣ ಬರುವುದೆಲ್ಲಿಂದ?

ತುಡುವೆಯಾಗಲಿ, ಹೆಜ್ಜೇನಾಗಲಿ, ತುಪ್ಪದ ಬಣ್ಣ ಮತ್ತು ರುಚಿ ಮುಖ್ಯವಾಗಿ ಮಕರಂದವನ್ನು ಅವಲಂಬಿಸಿವೆ. ರಬ್ಬರ್ ತೋಟದ ಜೇನು ತಿಳಿಯಾಗಿದ್ದು ಬೇಗ ಹರಳುಗಟ್ಟುತ್ತದೆ. ನೇರಳೆ ಹೂವಿನದು ಗಾಢ ಬಣ್ಣದ್ದು, ತುಸು ಕಹಿ. ಹರಳುಗಟ್ಟಿದ ಮಾತ್ರಕ್ಕೆ ಕಲಬೆರಕೆಯಲ್ಲ. ಕಾಯಿಸಿದ ಅಥವಾ ಬಹಳ ಹಳೆಯ ಜೇನೂ ಕಪ್ಪಾಗುವುದರಿಂದ, ಕಪ್ಪೆಂದರೆ ಶ್ರೇಷ್ಠವೆಂದೂ ತಿಳಿಯಬೇಕಿಲ್ಲ.

ಗಾಢ ಬಣ್ಣದ ಜೇನಿನಲ್ಲಿ ಪಾಲಿಫಿನಾಲ್ ಮತ್ತು ಖನಿಜಾಂಶ ಸಾಮಾನ್ಯವಾಗಿ ಹೆಚ್ಚು. ಆದರೆ ಒಂದೆರಡು ಚಮಚದಲ್ಲಿ ಸಿಗುವ ಕಬ್ಬಿಣ ತೀರ ಅಲ್ಪ. ರಕ್ತಹೀನತೆಗೆ ಅದು ಮದ್ದಾಗದು.

ಕೆಮ್ಮಿಗೆ ಎಷ್ಟು ಉಪಯೋಗ?

ಉತ್ತರ ಭಾರತದಲ್ಲಿ ಉಪವಾಸಕ್ಕೆ ಬಳಸುವ ಕುಟ್ಟು ಧಾನ್ಯದ ಹೂವಿನಿಂದಲೂ ಕಪ್ಪು ಜೇನು ಬರುತ್ತದೆ. 2007ರಲ್ಲಿ ಅಮೆರಿಕದಲ್ಲಿ 2ರಿಂದ 18 ವರ್ಷದ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಲಗುವ ಮುನ್ನ ಈ ಜೇನು ನೀಡಿದಾಗ ಶೀತದ ಕೆಮ್ಮು ಕಡಿಮೆಯಾಗಿ ನಿದ್ರೆ ಸುಧಾರಿಸಿತು. 2012ರಲ್ಲಿ ಇಸ್ರೇಲಿನಲ್ಲಿ ಬೇರೆ ಹೂಗಳ ಜೇನು ಕೊಟ್ಟಾಗಲೂ ಪ್ರಯೋಜನ ಕಂಡಿತು. ಆದ್ದರಿಂದ ದೂರದ ಜೇನನ್ನು ಹುಡುಕಬೇಕಿಲ್ಲ. ನಮ್ಮೂರಿನ ಶುದ್ಧ ಜೇನನ್ನೇ ಬಳಸಿ ನೋಡಬಹುದು.

ಪ್ರಮಾಣ: 2ರಿಂದ 5 ವರ್ಷದವರಿಗೆ ಅರ್ಧ ಟೀ ಚಮಚ, 6ರಿಂದ 11ರವರಿಗೆ ಒಂದು, ಅದಕ್ಕೂ ದೊಡ್ಡವರಿಗೆ ಎರಡು. ನಂತರ ಬಾಯಿ ಮುಕ್ಕಳಿಸಿ ಮಲಗಿಸಿ.

ಹಸುಗೂಸಿಗೆ ಬೇಡ

ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ರೂಢಿ ಇನ್ನೂ ಇದೆ. ದಯವಿಟ್ಟು ಬಿಡಿ. ಜೇನಿನಲ್ಲಿ ಕೆಲವೊಮ್ಮೆ ‘ಕ್ಲಾಸ್ಟ್ರಿಡಿಯಂ ಬೊಟುಲಿನಮ್’ ಎಂಬ ಸೂಕ್ಷ್ಮಾಣುವಿನ ಬೀಜಕಗಳಿರುತ್ತವೆ. ಎಳೆಯ ಕರುಳಿನಲ್ಲಿ ಅವು ಬೆಳೆದು ವಿಷ ಉತ್ಪಾದಿಸಬಲ್ಲವು. ಮಲಬದ್ಧತೆ, ಕ್ಷೀಣ ಅಳು, ಹಾಲು ಚೀಪಲಾಗದಿರುವುದು, ಕೈಕಾಲು ಜೋಲುವುದು ಇದರ ಲಕ್ಷಣಗಳು, ಉಸಿರಾಟವೂ ನಿಲ್ಲಬಹುದು. ಈ ತೊಂದರೆ ಅಪರೂಪ, ಆದರೆ ಪ್ರಾಣಾಪಾಯದ್ದು. ಮನೆಯಲ್ಲಿ ಕುದಿಸಿದರೂ ಬೀಜಕಗಳು ಸಾಯುವುದಿಲ್ಲ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಶಾಸ್ತ್ರಕ್ಕೆ ಬೇಕೆಂದರೆ ತಾಯಿಯ ತುಟಿಗೆ ಸವರಿ, ಮಗುವಿಗೆ ತಾಯಿಯ ಹಾಲು ಕೊಡಿ.

ಇನ್ನು ಕೆಲವು ಎಚ್ಚರಿಕೆಗಳು

ಜೇನಿನಲ್ಲಿ ಶೇ 80ರಷ್ಟು ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ‘ಕಾಡಿನದು, ತೊಂದರೆಯಿಲ್ಲ’ ಎಂದು ಧಾರಾಳವಾಗಿ ತಿನ್ನಬಾರದು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಉಬ್ಬಸ, ಕಫದಲ್ಲಿ ರಕ್ತ, ಮಗು ವೇಗವಾಗಿ ಉಸಿರಾಡುವುದು ಕಂಡರೆ ತಡಮಾಡಬೇಡಿ. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ಮೈಕೈ ನೋವು ಬಂದರೆ ಮಂಗನ ಕಾಯಿಲೆಯನ್ನೂ ಶಂಕಿಸಬೇಕು. ಆಗ ಕಷಾಯ, ಜೇನು ಎಂದು ದಿನ ಕಳೆಯದೆ ಆಸ್ಪತ್ರೆಗೆ ಬನ್ನಿ.