ಕೋಟೆಯಲ್ಲಿ ಮೊದಲು ಬಾವಿ ಹುಡುಕು

ಉಮದಿ, ತಾ. ಜತ್ತ, ಜಿ. ಸಾಂಗಲಿ

ಚಿ. ಮೊಮ್ಮಗಳೇ, ನೀನು ಬರೆದದ್ದನ್ನು ನಿಮ್ಮವ್ವನ ಫೋನಿನಲ್ಲಿ ಎರಡು ಸಲ ಓದಿಸಿಕೊಂಡೆ. ಬರುವ ರವಿವಾರ ಓಸಾಕಾದಿಂದ ರೈಲು ಹಿಡಿದು ಹಿಮೇಜಿ ಕೋಟೆ ನೋಡಲು ಹೊರಟಿದ್ದೀ ಎಂದು ತಿಳಿದು ಸಂತೋಷವಾಯಿತು. ತಾಸಿನ ಹಾದಿಯಂತೆ. ಒಬ್ಬಳೇ ಹೋಗುತ್ತೀ ಎಂಬುದೊಂದು ನಿಮ್ಮ ಆಯಿಯ ಮನಸ್ಸಿಗೆ ಬಂದಿಲ್ಲ. "ಅಲ್ಲಿ ಗಾಡಿ ನಿಮಿಷ ತಪ್ಪೂದಿಲ್ಲಂತ, ಈ ಹುಡುಗಿ ತಡಾ ಮಾಡಿ ಕುಂತ್ರ ಹೆಂಗ?" ಎಂದು ನನ್ನನ್ನು ಕೇಳುತ್ತಾಳೆ, ನಾನೇ ಆ ಗಾಡಿಯ ಗಾರ್ಡ್ ಎಂಬಂತೆ. ಮರಳಿ ಬರುವ ಗಾಡಿಯ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರ ಇಟ್ಟುಕೋ. ಫೋನಿನ ಚಾರ್ಜು ತೀರಿದರೂ ಚೀಟಿ ತೀರುವುದಿಲ್ಲ.

ನಮ್ಮ ತಾಲೂಕಿಗೆ ರೈಲೆಂದರೆ ಮೊದಲಿನಿಂದಲೂ ದೂರದ ಬೀಗರಿದ್ದಂತೆ. ಜತ್ತ ರೋಡ್ ಎಂಬ ಹೆಸರಿನ ನಿಲ್ದಾಣವೇನೋ ಮೀರಜ–ಪಂಢರಪುರ ಹಾದಿಯಲ್ಲಿದೆ. ಬಾರ್ಶಿ ಲೈಟ್ ರೈಲ್ವೆಯವರು 1927ರಲ್ಲಿ ಮೀರಜದವರೆಗೆ ತಂದ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಅದು. ಈಗ ಬ್ರಾಡ್ ಗೇಜ್ ಆಗಿದೆ. ಆದರೆ ಅಲ್ಲಿ ಇಳಿದವನು ಜತ್ತ ಮುಟ್ಟಬೇಕಾದರೆ ಇನ್ನೂ ಬಹಳ ರೋಡ್ ಸವೆಸಬೇಕು. ಮೂಡಲ ದಿಕ್ಕಿನ ನಮ್ಮ ಹಳ್ಳಿಗಳಿಗಂತೂ ಅದರ ಸೀಟಿಯೂ ಕೇಳದು. ನಮಗೆ ಹತ್ತಿರದ್ದೆಂದರೆ ಗಡಿಯಾಚೆಯ ಸೊಲ್ಲಾಪುರ–ಬಿಜಾಪುರ ಹಳಿ. ನಾನು ಹೇಳುವ ಕಾಲಕ್ಕೆ ಅದಿನ್ನೂ ಮೀಟರ್ ಗೇಜು.

ಆಗ ನಾನು ಜಿಲ್ಹಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಇತಿಹಾಸ ಕಲಿಸುತ್ತಿದ್ದೆ. ಪುಸ್ತಕದ ತುಂಬ ಶಿವಾಜಿ ಮಹಾರಾಜರ ಕೋಟೆಗಳು, ಬಿಜಾಪುರದ ಆದಿಲಶಾಹಿ. ನಮ್ಮ ಜತ್ತದ ಡಫಳೆ ಮನೆತನಕ್ಕೆ ದೇಶಮುಖಿ ಬಂದದ್ದೂ ಆ ಆದಿಲಶಾಹಿಯಿಂದಲೇ. ಕೋಟೆ ನೋಡಿದವರು ಕೈ ಎತ್ತಿರಿ ಎಂದರೆ ಒಂದು ಕೈಯೂ ಏಳಲಿಲ್ಲ. ರೈಲು ಹತ್ತಿದವರು ಎಂದರೂ ಅಷ್ಟೇ. ಎರಡನ್ನೂ ಒಂದೇ ದಿನ ತೋರಿಸೋಣವೆಂದು ಟೆಂಪೋ ಮಾಡಿ ನಿಂಬಾಳ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಬಸ್ಸಿಗೆ ಹೋಗಿದ್ದರೆ ನೆಟ್ಟಗೆ ಬಿಜಾಪುರವೇ ಆಗುತ್ತಿತ್ತು, ಆದರೆ ಮಕ್ಕಳಿಗೆ ರೈಲು? ನಿಂಬಾಳವೆಂದರೆ ಗುರುದೇವ ರಾನಡೆಯವರ ಆಶ್ರಮದ ಊರು. ಅವರ ಗುರು ಭಾವುಸಾಹೇಬ ಮಹಾರಾಜರು ನಮ್ಮ ಉಮದಿಯವರು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಬಂತು, ಮಕ್ಕಳು ನನ್ನ ಮಾತು ಬಿಟ್ಟು ಕಿಟಕಿಗೆ ಮುಗಿಬಿದ್ದರು. ಮಿಂಚನಾಳ ದಾಟಿದ ಮೇಲೆ ಬಯಲಿನ ಕಡೆಗೆ ಗೋಳಗುಮ್ಮಟ ಎದ್ದಿತು. ಆ ಗುಮ್ಮಟ ಹಾದಿಯುದ್ದಕ್ಕೂ ಬೆಳೆಯುತ್ತಾ ಬರುವುದನ್ನು ನೋಡಬೇಕು, ಯವ್ವಾ. ಬಸ್ಸಿನಲ್ಲಿ ಆ ಸುಖವಿಲ್ಲ. ಹಿಮೇಜಿಯಲ್ಲೂ ಸ್ಟೇಷನ್ನಿನ ಬಾಗಿಲಿಗೆ ಬಂದರೆ ನೇರ ರಸ್ತೆಯ ತುದಿಗೆ ಬೆಳ್ಳಗೆ ಕೋಟೆ ನಿಂತಿರುತ್ತದೆ ಎಂದು ಬರೆದಿದ್ದೀ. ಒಂದು ಕಿಲೋಮೀಟರ್ ನಡಿಗೆಯಂತೆ. ನಡೆದೇ ಹೋಗು.

ಬಿಜಾಪುರದಲ್ಲಿ ಗೋಳಗುಮ್ಮಟ ಹತ್ತಿಸಿ ಕೂಗಿಸಿದೆ. ಉಪ್ಪಲಿ ಬುರ್ಜು ಹತ್ತಿಸಿದೆ. ಷೇರ್ಜಾ ಬುರ್ಜಿನ ಮೇಲಿನ ಮಲಿಕ್-ಎ-ಮೈದಾನ ತೋಪಿನ ಬಾಯೊಳಗೆ ಹುಡುಗರು ತಲೆ ಹಾಕಿ ನೋಡಿದರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. 1854ರಲ್ಲಿ ಇಂಗ್ರಜಿ ಸರಕಾರ ಇದನ್ನು ಲಿಲಾವಿಗೆ ಹಾಕಿದಾಗ ಕೇಳಿದ ದರ 150 ರೂಪಾಯಿ! ಪುಣ್ಯಕ್ಕೆ ಮಾರಾಟ ನಿಂತಿತು. ನೀನು ಕಳಿಸಿದ್ದರಲ್ಲೂ ಅಂಥದೇ ಕಥೆ ಇದೆಯಲ್ಲ. ಮೇಜಿ ರಾಜರ ಹೊಸ ಆಡಳಿತದಲ್ಲಿ ಹಿಮೇಜಿ ಕೋಟೆಯೂ ಲಿಲಾವಿಗೆ ಬಂದು 23 ಯೆನ್‌ಗೆ ಹೋಯಿತಂತೆ, ಕೆಡವುವ ಖರ್ಚೇ ಜಾಸ್ತಿಯೆಂದು ಕೊಂಡವನು ಕೈಬಿಟ್ಟನಂತೆ. 1945ರಲ್ಲಿ ಅದರ ಮೇಲೆ ಬಿದ್ದ ಬೆಂಕಿ ಬಾಂಬೂ ಸಿಡಿಯಲಿಲ್ಲ. ಸುತ್ತಲಿನ ಊರು ಸುಟ್ಟಿತು, ಕೋಟೆ ಉಳಿಯಿತು. ದೊಡ್ಡ ದೊಡ್ಡ ಕಟ್ಟಡಗಳು ಉಳಿದದ್ದರ ಹಿಂದೆ ಇಂಥ ಸಣ್ಣ ಕಾರಣಗಳಿರುವುದನ್ನು ಕಂಡರೆ ನನಗೆ ಒಮ್ಮೊಮ್ಮೆ ನಗು ಬರುತ್ತದೆ.

ಮರಳುವ ಹೊತ್ತಿಗೆ ಒಬ್ಬ ಹುಡುಗಿ ನನ್ನ ಅಂಗಿಯ ತುದಿ ಜಗ್ಗಿದಳು. "ಗುರುಜಿ, ಇಷ್ಟ ಮಂದಿಗೆ ನೀರ ಎಲ್ಲಿಂದ ತರತಿದ್ರರಿ?" ದಿನಾ ನಸುಕಿನಲ್ಲಿ ಕೊಡ ಹೊತ್ತು ಬಂದು, ಆಮೇಲೆ ಶಾಲೆಗೆ ಬರುವ ಹುಡುಗಿ ಅವಳು. ನನಗೆ ಗಾಡಿಯ ಚಿಂತೆ. "ನಡಿ, ತಡಾ ಆಗತದ" ಎಂದೆ. ತಾಜ್ ಬಾವಡಿ ಊರೊಳಗೇ ಇತ್ತು. ತೋರಿಸಲಿಲ್ಲ.

ಆಮೇಲೆ ನಾನೊಬ್ಬನೇ ಹೋಗಿ ನೋಡಿದೆ. ಎರಡನೆಯ ಇಬ್ರಾಹಿಮನ ಕಾಲದ್ದು, 1620ರ ಬಾವಿ. ಬಾವಿಯೆಂದರೆ ನಮ್ಮ ಹೊಲದ್ದಲ್ಲ, ಕೆರೆಯಷ್ಟು ಅಗಲ. ಇಳಿಯಲು ಕಮಾನಿನ ಬಾಗಿಲು, ಮೆಟ್ಟಿಲು, ದಾರಿಹೋಕರು ತಂಗಲು ಬದಿಯಲ್ಲಿ ಕೋಣೆಗಳು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದರು. 1651ರಲ್ಲಿ ಮಹಮ್ಮದ ಆದಿಲಶಾಹ ಬೇಗಂ ತಾಲಾಬ ಕಟ್ಟಿಸಿದ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬಂತು. ದಾರಿಯಲ್ಲಿ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಗೋಪುರದಂಥ ಗಂಜುಗಳನ್ನು ಎತ್ತಿದರು. ಅವು ಇನ್ನೂ ಊರೊಳಗೆ ನಿಂತಿವೆ, ಜನ ಅವುಗಳ ನೆರಳಲ್ಲಿ ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. 1685ರಲ್ಲಿ ಮುತ್ತಿದ ಔರಂಗಜೇಬನ ದಂಡಿಗೆ ಕೋಟೆ ವಶವಾದದ್ದು 1686ರ ಸೆಪ್ಟೆಂಬರಿನಲ್ಲಿ. ಆರು ಮೈಲಿ ಸುತ್ತಳತೆಯ ಗೋಡೆ ಅಷ್ಟು ದಿನ ತಡೆಯಿತು ಎಂದು ನಾನು ವರ್ಷಾನುಗಟ್ಟಲೆ ಪಾಠ ಹೇಳಿದೆ. ಬರಿ ಗೋಡೆ ತಡೆಯುವುದಿಲ್ಲ, ತಾಯಿ. ಒಳಗಿನವರ ಕೊಡ ತುಂಬಬೇಕು. ಟ್ಯಾಂಕರ್ ಹಾದಿ ಕಾಯುತ್ತಲೇ ಬೇಸಿಗೆ ಕಳೆದ ಊರಿನವರಾಗಿ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದಕ್ಕೇ ನಿನಗೆ ನಾನು ಹೇಳುವುದು ಇಷ್ಟೇ. ಕೋಟೆಗೆ ಹೋದವರೆಲ್ಲ ಕತ್ತು ಎತ್ತಿ ಮೇಲಿನ ಅಂತಸ್ತನ್ನು ನೋಡುತ್ತಾರೆ. ನೋಡಬಾರದೆಂದಲ್ಲ, ಇಕೆದಾ ತೆರುಮಾಸಾ 1609ಕ್ಕೆ ಕಟ್ಟಿ ಮುಗಿಸಿದ ಕಟ್ಟಿಗೆಯ ಮಹಲು ಇವತ್ತಿಗೂ ನಿಂತಿದೆ ಎಂದರೆ ಕೈ ಮುಗಿಯಬೇಕು. ಆದರೆ ಮೊದಲು ಬಾವಿ ಹುಡುಕು. ಅಲ್ಲಿ ಹಿಂದೆ 33 ಬಾವಿಗಳಿದ್ದವು, ಈಗ 13 ಉಳಿದಿವೆ ಎಂದು ನೀನೇ ಕಳಿಸಿದ ಹಾಳೆಯಲ್ಲಿದೆ. ತನ್ನ ಗೋಡೆಯೊಳಗೆ ಕಾಳಗವನ್ನೇ ಕಾಣದ ಕೋಟೆಗೆ ಅಷ್ಟು ಬಾವಿ ತೋಡಿದವರ ಅಂಜಿಕೆ ಎಂಥದಿರಬೇಕು ನೋಡು. ಅದರಲ್ಲೊಂದು ಓಕಿಕು ಎಂಬ ಆಳುಮಗಳ ಬಾವಿ. ಹತ್ತು ತಟ್ಟೆಗಳಲ್ಲಿ ಒಂದನ್ನು ಕಳೆದಳೆಂಬ ಸುಳ್ಳು ಆರೋಪ ಹೊರಿಸಿ ಅವಳನ್ನು ಅದರೊಳಗೆ ನೂಕಿದರೆಂದೂ, ರಾತ್ರಿ ಒಂಬತ್ತರವರೆಗೆ ಎಣಿಸುವ ದನಿ ಕೇಳುತ್ತದೆಂದೂ ಕಥೆ. ನಿಮ್ಮ ಆಯಿ ಇದನ್ನು ಕೇಳಿ, ನಮ್ಮ ಜನಪದ ಹಾಡಿನಲ್ಲಿ ಕೆರೆಗೆ ಹಾರವಾದ ಭಾಗೀರಥಿಯನ್ನು ನೆನೆದು ಸುಮ್ಮನೆ ಕುಳಿತಳು. ನೀರಿನ ಹತ್ತಿರ ಹೆಣ್ಣುಮಕ್ಕಳ ಕಥೆಗಳೇ ಯಾಕಿರುತ್ತವೆ ಎಂದು ಕೇಳಿದಳು. ಸೇದುವವರು ಅವರೇ ಅಲ್ಲವೇ ಎಂದೆ.

ಇನ್ನೊಂದು, ಕಲ್ಲುಗೋಡೆಯಲ್ಲಿ ಮುದುಕಿಯ ಕಲ್ಲು ಎಂಬುದಿದೆಯಂತೆ. ತೆರುಮಾಸಾನಿಗಿಂತ ಮೊದಲು ಹಿದೆಯೋಶಿ ಅಲ್ಲಿ ಕೋಟೆ ಕಟ್ಟಿಸುವಾಗ ಕಲ್ಲು ಸಾಲದೆ ಬಂದದ್ದಕ್ಕೆ ಬಡ ಮುದುಕಿಯೊಬ್ಬಳು ತನ್ನ ಬೀಸುಕಲ್ಲನ್ನೇ ಕೊಟ್ಟಳಂತೆ. ಕಥೆ ಖರೆಯೋ ಅಲ್ಲವೋ, ಕಲ್ಲಿಗೆ ಈಗ ಜಾಳಿಗೆ ಹಾಕಿದ್ದಾರೆ. ಅದನ್ನೂ ನೋಡು. ಆಮೇಲೆ ಆ ಮುದುಕಿ ಹಿಟ್ಟಿಗೆ ಏನು ಮಾಡಿದಳು ಎಂಬುದು ನಿಮ್ಮ ಆಯಿಯ ಪ್ರಶ್ನೆ. ಅದನ್ನು ಯಾರಾದರೂ ಬರೆದಿಟ್ಟಿದ್ದರೆ ತಿಳಿಸು.

ಒಳಗೆ ಬೂಟು ಬಿಚ್ಚಿ ಚೀಲದಲ್ಲಿ ಹಿಡಿದು ಹತ್ತಬೇಕಂತೆ, ಮೆಟ್ಟಿಲು ಏಣಿಯಷ್ಟು ನೆಟ್ಟಗಂತೆ. ಕಾಲುಚೀಲ ನುಣುಪಿನದು ಹಾಕಬೇಡ. ಇಳಿಯುವಾಗ ಕಟಕಟೆ ಹಿಡಿದುಕೋ, ಫೋಟೋ ಆಮೇಲೆ. ಓಕಿಕುವಿನ ಬಾವಿಯಲ್ಲಿ ನೀರು ಕಾಣುತ್ತದೆಯೋ, ಬರಿ ಕತ್ತಲೆಯೋ, ಮಹಲಿನಿಂದ ಬಾವಿಯವರೆಗೆ ಎಷ್ಟು ಹೆಜ್ಜೆ, ಇವನ್ನು ಅಳೆದು ಕನ್ನಡದಲ್ಲಿ ಬರಿ. ಇಲ್ಲಿ ಐದನೆಯ ಇಯತ್ತೆಯ ನಿನ್ನ ತಮ್ಮ ಓದಿ ಲೆಕ್ಕ ಮಾಡಲಿ. ಬುತ್ತಿ ಕಟ್ಟಿಕೊಂಡು ಹೋಗು. ಶೇಂಗಾ ಹಿಂಡಿ ತೀರಿದೆಯೋ ಇಲ್ಲವೋ ತಿಳಿಸು, ಪಾರ್ಸಲ್ಲಿಗೆ ಹಾಕುವುದಿದೆ.

ಇಂತಿ ನಿನ್ನ ಮುತ್ಯಾ