ಹೋಗಲು ಎರಡು ಗಂಟೆ, ಬರಲು ಐದು ಗಂಟೆ!

ದ್ವಿತೀಯ ಪಿಯುಸಿಯ ಹುಡುಗನೊಬ್ಬ ತನ್ನ ತಂದೆಯ ಟಿಕೆಟಿನ ಸಮಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದ. ಮಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟು ದುಬೈಗೆ 12ಕ್ಕೆ. ಮರಳುವಾಗ ದುಬೈನಿಂದ ರಾತ್ರಿ 9.30ಕ್ಕೆ ಹೊರಟು ಮಂಗಳೂರಿಗೆ 2.30ಕ್ಕೆ. "ಸರ್, ಉಪ್ಪ ಹೋದದ್ದು ಎರಡೇ ಗಂಟೆಯಲ್ಲಿ. ಬರುವುದಕ್ಕೆ ಐದು ಗಂಟೆ ಯಾಕೆ?" ಎಂದು ಕೇಳಿದ.

ತರಗತಿ ನಕ್ಕಿತು. ಆದರೆ ಪ್ರಶ್ನೆ ಒಳ್ಳೆಯದೇ.

ಮೊದಲು ದೂರ ನೋಡೋಣ. ಬಜ್ಪೆಯ ನಿಲ್ದಾಣ ಇರುವುದು ಸುಮಾರು 13.0 ಡಿಗ್ರಿ ಉತ್ತರ ಅಕ್ಷಾಂಶ, 74.9 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದುಬೈ ನಿಲ್ದಾಣ 25.3 ಮತ್ತು 55.4ರಲ್ಲಿ. ಅಂದರೆ ಉತ್ತರಕ್ಕೆ 12.3 ಡಿಗ್ರಿ, ಪಶ್ಚಿಮಕ್ಕೆ 19.5 ಡಿಗ್ರಿ ಸಾಗಬೇಕು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ ಉತ್ತರದ ಬಾಹು 1,365 ಕಿ.ಮೀ.

ನೀವು ಎಡವುವುದು ಮುಂದಿನ ಹೆಜ್ಜೆಯಲ್ಲಿ. ರೇಖಾಂಶದ ಡಿಗ್ರಿಗೂ 111 ಎಂದೇ ಗುಣಿಸಿಬಿಡುತ್ತೀರಿ. ಅದು ಸಮಭಾಜಕ ವೃತ್ತದಲ್ಲಿ ಮಾತ್ರ ಸರಿ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಹಾಗಾಗಿ ಅಕ್ಷಾಂಶದ ಕೊಸೈನ್‌ನಿಂದಲೂ ಗುಣಿಸಬೇಕು. ಎರಡೂ ಊರುಗಳ ಸರಾಸರಿ ಅಕ್ಷಾಂಶ ಸುಮಾರು 19 ಡಿಗ್ರಿ, ಅದರ ಕೊಸೈನ್ 0.945. ಪಶ್ಚಿಮದ ಬಾಹು ಸುಮಾರು 2,045 ಕಿ.ಮೀ. ಆಗುತ್ತದೆ. ಈಗ ಪೈಥಾಗೊರಸ್ ಪ್ರಮೇಯ ಹಾಕಿದರೆ ಕರ್ಣ ಸುಮಾರು 2,460 ಕಿ.ಮೀ. ಭೂಮಿಯ ದುಂಡುತನವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವ ಗೋಳೀಯ ಸೂತ್ರವೂ ಇಲ್ಲಿ ಹೆಚ್ಚುಕಡಿಮೆ ಇಷ್ಟೇ ಕೊಡುತ್ತದೆ. ಕೊಸೈನ್ ಮರೆತವರಿಗೆ ಮಾತ್ರ 100 ಕಿ.ಮೀ. ಹೆಚ್ಚು ಬರುತ್ತದೆ! (ಬಹಳ ದೂರದ ಊರುಗಳಿಗೆ ಈ ಸುಲಭ ದಾರಿ ನಡೆಯದು, ಅಲ್ಲಿ ಗೋಳೀಯ ಸೂತ್ರವೇ ಬೇಕು.)

ಗಂಟೆಗೆ 800 ಕಿ.ಮೀ. ವೇಗವೆಂದುಕೊಂಡರೆ 3 ಗಂಟೆ 5 ನಿಮಿಷ. ರನ್‌ವೇವರೆಗಿನ ಓಟ, ಮೇಲೇರುವುದು, ಇಳಿಯುವುದು ಎಲ್ಲ ಸೇರಿ ಸುಮಾರು ಮೂರೂವರೆ ಗಂಟೆ.

ಹಾಗಾದರೆ ಎರಡು, ಐದು ಎಲ್ಲಿಂದ ಬಂತು? ಟಿಕೆಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ದುಬೈಯದು ನಾಲ್ಕು ಗಂಟೆ ಮುಂದೆ. ವ್ಯತ್ಯಾಸ ಒಂದೂವರೆ ಗಂಟೆ. ಹೋಗುವಾಗ ಅದು ಕಳೆದುಹೋಗುತ್ತದೆ, ಬರುವಾಗ ಕೂಡಿಕೊಳ್ಳುತ್ತದೆ. ಎರಡನ್ನೂ ಐದನ್ನೂ ಕೂಡಿಸಿ ಅರ್ಧ ಮಾಡಿ: ಮೂರೂವರೆ, ಇದು ಹಾರಾಟದ ಸಮಯ. ಒಂದರಿಂದೊಂದು ಕಳೆದು ಅರ್ಧ ಮಾಡಿ: ಒಂದೂವರೆ, ಇದು ಗಡಿಯಾರಗಳ ಅಂತರ. ಎರಡು ಚರಾಕ್ಷರಗಳ ಸಮೀಕರಣ ಅಷ್ಟೇ.

ಎಲ್ಲ ಟಿಕೆಟುಗಳಲ್ಲೂ ಉತ್ತರ ಇಷ್ಟು ನೇರವಾಗಿ ಬರುವುದಿಲ್ಲ, ಏಕೆಂದರೆ ಗಾಳಿಯೂ ಇದೆ. ಚಳಿಗಾಲದಲ್ಲಿ ಕೊಲ್ಲಿಯ ಮೇಲೆ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಜೋರಾದ ಗಾಳಿ ಬೀಸುತ್ತದೆ. ಅದು ಮನೆಗೆ ಬರುವವರನ್ನು ಹಿಂದಿನಿಂದ ತಳ್ಳುತ್ತದೆ. ದಾರಿಯುದ್ದಕ್ಕೂ ಗಂಟೆಗೆ 60 ಕಿ.ಮೀ. ಗಾಳಿ ಇದ್ದರೆ ಹೋಗುವ ವೇಗ 740, ಬರುವ ವೇಗ 860. ಸಮಯದಲ್ಲಿ ಎಷ್ಟು ನಿಮಿಷದ ವ್ಯತ್ಯಾಸ ಬರುತ್ತದೆಂದು ನೀವೇ ಲೆಕ್ಕ ಹಾಕಿ. ಅರ್ಧ ಗಂಟೆಯ ಹತ್ತಿರ ಬರಬೇಕು.

ಹುಡುಗ ಆಮೇಲೆ ಇನ್ನೊಂದು ವಿಷಯ ಹೇಳಿದ. ಹಿಂದಿನ ಸಲ ಅವನ ಮನೆಯವರು 9.30ಕ್ಕೆ ಮೂರೂವರೆ ಕೂಡಿಸಿ, ರಾತ್ರಿ ಒಂದಕ್ಕೇ ಬಜ್ಪೆ ತಲುಪಿ, ಪುಟ್ಟ ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಒಂದೂವರೆ ಗಂಟೆ ಹೊರಗೆ ಕಾದಿದ್ದರಂತೆ. ಈ ಸಲ ಉಪ್ಪ ಹೊರಡುವುದು 14ರ ರಾತ್ರಿ, ಇಳಿಯುವುದು 15ರ ಬೆಳಗಿನ ಜಾವ 2.30ಕ್ಕೆ. "15ರ ರಾತ್ರಿ ಊಟ ಮಾಡಿ ಹೊರಟರೆ ಸಾಕಲ್ವಾ ಸರ್?" ಎಂದ. ಬೇಡ ಮಾರಾಯ, 14ರ ರಾತ್ರಿಯೇ ಹೊರಡಿ ಎಂದೆ.